ನಿಮ್ಮೂರಿನ ವಿಕಿಪೀಡಿಯ ಪುಟದಲ್ಲಿ ತಪ್ಪಿದೆಯಾ? ತಿದ್ದೋಕೆ ಮೊದಲು ಉಲ್ಲೇಖ ಹಾಕೋದು ಕಲಿಯಿರಿ

ಮೊಬೈಲ್‌ನಲ್ಲಿ ಯಾವುದಾದರೂ ತಾಲೂಕಿನ ಹೆಸರು ಹಾಕಿ ಹುಡುಕಿದರೆ ಮೊದಲ ಸಾಲಿನಲ್ಲೇ ವಿಕಿಪೀಡಿಯ ಪುಟ ಕಾಣುತ್ತದೆ. ಶಾಲೆ ಮಕ್ಕಳ ಪ್ರಾಜೆಕ್ಟ್, ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್, ಜಾತ್ರೆ ಕರಪತ್ರ, ಯೂಟ್ಯೂಬ್ ವಿಡಿಯೊ ಎಲ್ಲದಕ್ಕೂ ಅಲ್ಲಿಂದಲೇ ಕಾಪಿ ಹೊಡೆಯುವುದು ರೂಢಿ. ಅಲ್ಲಿ ದೇವಸ್ಥಾನದ ಕಾಲ ತಪ್ಪಿದ್ದರೆ ಆ ತಪ್ಪು ಊರೆಲ್ಲಾ ಸುತ್ತುತ್ತದೆ.

'ಅದೆಲ್ಲಾ ಸುಳ್ಳು ಕಣ್ರೀ' ಅಂತ ಅಂಗಡಿ ಮುಂದೆ ನಿಂತು ಹೇಳುವವರು ಬಹಳ ಜನ ಇದ್ದಾರೆ. ಕೂತು ತಿದ್ದುವವರು ಕಡಿಮೆ. ತಿದ್ದಿದವರ ಸಾಲೂ ಎಷ್ಟೋ ಸಲ ಮಾರನೇ ದಿನಕ್ಕೆ ಅಳಿಸಿ ಹೋಗಿರುತ್ತದೆ. ಮಾತು ಸರಿ ಇದ್ದರೂ ಅದರ ಹಿಂದೆ ಉಲ್ಲೇಖ ಇಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣ.

ಉಲ್ಲೇಖ ಅಂದ್ರೆ ಏನು?

ವಿಕಿಪೀಡಿಯ ಶುರುವಾಗಿದ್ದು 2001ರಲ್ಲಿ, ಕನ್ನಡ ವಿಕಿಪೀಡಿಯ 2003ರಲ್ಲಿ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಹಾಗಾಗಿ ಬರೆದವರು ಮೇಷ್ಟ್ರೋ, ರೈತರೋ, ಕಾಲೇಜು ಹುಡುಗನೋ ಅನ್ನೋದು ಲೆಕ್ಕಕ್ಕೆ ಬರಲ್ಲ. 'ಈ ಮಾತು ಎಲ್ಲಿ ಪ್ರಕಟವಾಗಿದೆ, ತೋರಿಸಿ' ಅನ್ನೋದೊಂದೇ ಪ್ರಶ್ನೆ. ಅದಕ್ಕೆ ಕೊಡುವ ಉತ್ತರವೇ ಉಲ್ಲೇಖ.

ಜಮೀನು ನಂದು ಅಂದರೆ ಸಾಲದು, ಪಹಣಿ ತೋರಿಸಬೇಕು. ಇಲ್ಲೂ ಹಾಗೇ. ಸಾಲಿನ ಕೊನೆಯಲ್ಲಿ ಚಿಕ್ಕದಾಗಿ 1, 2, 3 ಅಂತ ಕಾಣುವ ಅಂಕಿಗಳೇ ಆ ಪಹಣಿ. ಒತ್ತಿದರೆ ಪುಸ್ತಕದ ಅಥವಾ ಪತ್ರಿಕೆಯ ವಿವರ ತೆರೆದುಕೊಳ್ಳುತ್ತದೆ. ದಾಖಲೆ ಇಲ್ಲದ ಸಾಲಿನ ಪಕ್ಕ 'ಸೂಕ್ತ ಉಲ್ಲೇಖನ ಬೇಕು' ಅಂತ ಯಾರಾದರೂ ಗುರುತು ಹಾಕಬಹುದು, ಇಲ್ಲವೇ ಆ ಸಾಲನ್ನೇ ತೆಗೆಯಬಹುದು. ಉಲ್ಲೇಖ ಹುಡುಕಿ ಕೊಡುವ ಹೊಣೆ ಸಾಲು ಸೇರಿಸಿದವರದ್ದು, ತೆಗೆದವರದ್ದಲ್ಲ.

'ನಮ್ಮಜ್ಜ ಹೇಳಿದ್ರು' ಅಂದ್ರೆ ನಡೆಯಲ್ಲ

ಊರಿನವರಿಗೆ ಅರಗಿಸಿಕೊಳ್ಳಲು ಕಷ್ಟವಾಗುವ ನಿಯಮ ಇದು. ಕೆರೆ ಕಟ್ಟಿಸಿದ ಕಥೆ ಎಂಬತ್ತು ವರ್ಷದ ಅಜ್ಜಿಗೆ ಗೊತ್ತಿರಬಹುದು, ಅದು ನಿಜವೂ ಇರಬಹುದು. ಆದರೆ ಎಲ್ಲೂ ಪ್ರಕಟವಾಗದಿದ್ದರೆ ವಿಕಿಪೀಡಿಯಕ್ಕೆ ಅದು ಆಧಾರ ಅಲ್ಲ. ಫೇಸ್‌ಬುಕ್ ಪೋಸ್ಟ್, ವಾಟ್ಸ್ಆ್ಯಪ್ ಫಾರ್ವರ್ಡ್, ಸ್ವಂತ ಬ್ಲಾಗ್ ಕೂಡ ಸಾಮಾನ್ಯವಾಗಿ ನಡೆಯಲ್ಲ.

ಇದು ಅನ್ಯಾಯ ಅನ್ನೋ ಮಾತು ಹಳೆಯದು. ಬಾಯಿಮಾತಿನ ತಿಳಿವಳಿಕೆಯನ್ನೂ ಆಧಾರವಾಗಿ ಬಳಸಬಹುದಾ ಅಂತ ತೋರಿಸಲು 2011ರಲ್ಲಿ ಅಚಲ ಪ್ರಭಾಲ ಅವರ ತಂಡ ಭಾರತ ಮತ್ತು ದಕ್ಷಿಣ ಆಫ್ರಿಕಾದ ಹಳ್ಳಿಗಳಲ್ಲಿ ಪ್ರಯೋಗ ಮಾಡಿ ಸಾಕ್ಷ್ಯಚಿತ್ರವನ್ನೂ ತಯಾರಿಸಿತು. ಚರ್ಚೆ ಆಯಿತು, ನಿಯಮ ಮಾತ್ರ ಬದಲಾಗಲಿಲ್ಲ. ಹಾಗಾಗಿ ಹಿರಿಯರ ಮಾತು ಉಳಿಯಬೇಕಾದರೆ ಮೊದಲು ಅದು ಪತ್ರಿಕೆಯಲ್ಲೋ, ಪುಸ್ತಕದಲ್ಲೋ ಅಚ್ಚಾಗಬೇಕು. ಆಮೇಲೆ ವಿಕಿಪೀಡಿಯಕ್ಕೆ ಹೋಗಬಹುದು.

ನಮ್ಮ ತಾಲೂಕಿಗೆ ಆಧಾರ ಎಲ್ಲಿ ಸಿಗುತ್ತೆ?

ಹುಡುಕಿದರೆ ಬೇಕಾದಷ್ಟಿದೆ.

ಶಾಸನಗಳಿಗೆ 'ಎಪಿಗ್ರಾಫಿಯಾ ಕರ್ನಾಟಿಕಾ'. ಬಿ.ಎಲ್. ರೈಸ್ ಅವರು 1886ರಲ್ಲಿ ಶುರು ಮಾಡಿದ ಈ ಸಂಪುಟಗಳಲ್ಲಿ ಹಳೇ ಮೈಸೂರು ಭಾಗದ ಶಾಸನಗಳು ಜಿಲ್ಲೆವಾರು, ಅದರೊಳಗೆ ತಾಲೂಕುವಾರು ಸಂಖ್ಯೆ ಹಾಕಿಕೊಂಡು ಇವೆ. ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಇತಿಹಾಸ, ಬೆಳೆ, ಆಡಳಿತಕ್ಕೆ ಜಿಲ್ಲಾ ಗ್ಯಾಸೆಟಿಯರ್ ನೋಡಬಹುದು. ಹಳ್ಳಿಯ ಜನಸಂಖ್ಯೆ, ಶಾಲೆ, ಬಸ್ ಸೌಕರ್ಯದ ಲೆಕ್ಕಕ್ಕೆ ಜನಗಣತಿ ಇಲಾಖೆಯ ಜಿಲ್ಲಾ ಕೈಪಿಡಿ ಇದೆ.

ಜನಸಂಖ್ಯೆ ಬರೆಯುವಾಗ ಹುಷಾರು. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಯಿತು. ಹಾಗಾಗಿ '2021ರ ಜನಗಣತಿ ಪ್ರಕಾರ' ಅಂತ ಎಲ್ಲಾದರೂ ಬರೆದಿದ್ದರೆ ಅದು ಖಂಡಿತ ತಪ್ಪು. ಇನ್ನು 2011ರ ನಂತರ ಹುಟ್ಟಿದ ಹೊಸ ತಾಲೂಕುಗಳ ಲೆಕ್ಕ 2011ರ ಪುಸ್ತಕದಲ್ಲಿ ತಾಲೂಕಿನ ಹೆಸರಲ್ಲಿ ಇರುವುದಿಲ್ಲ, ಹಳೇ ತಾಲೂಕಿನೊಳಗೆ ಸೇರಿರುತ್ತದೆ.

ಬೇಲೂರಿನ ಚೆನ್ನಕೇಶವ ದೇವಾಲಯದ ಉದಾಹರಣೆ ತೆಗೆದುಕೊಳ್ಳಿ. 'ಸಾವಿರಾರು ವರ್ಷ ಹಳೆಯದು' ಅಂತ ಬರೆದರೆ ಅದು ಕಟ್ಟೆ ಮಾತು. 'ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಪ್ರತಿಷ್ಠೆ ಆಯಿತು' ಅಂತ ಬರೆದು ಪುಸ್ತಕದ ಹೆಸರು, ಪುಟ ಸಂಖ್ಯೆ ಕೊಟ್ಟರೆ ಯಾರೂ ಸುಮ್ಮನೆ ಅಳಿಸೋಕೆ ಆಗಲ್ಲ. ಶಾಸನಕ್ಕೆ ನೀವೇ ಅರ್ಥ ಹೇಳಲು ಹೋಗಬೇಡಿ. ವಿದ್ವಾಂಸರು ಅದಕ್ಕೆ ಏನು ಹೇಳಿದ್ದಾರೋ ಅದನ್ನಷ್ಟೇ ಬರೆಯಿರಿ.

ಹಾಕೋದು ಹೇಗೆ?

1. ಮೊದಲು ಒಂದು ಖಾತೆ ತೆರೆಯಿರಿ. ದುಡ್ಡು ಬೇಡ, ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಸಾಕು.

2. ನೇರವಾಗಿ ಊರಿನ ಪುಟಕ್ಕೆ ಕೈ ಹಾಕಬೇಡಿ. ನಿಮ್ಮ ಖಾತೆಯ ಪ್ರಯೋಗಪುಟದಲ್ಲಿ ಎರಡು ದಿನ ಅಭ್ಯಾಸ ಮಾಡಿ. ಅಲ್ಲಿ ತಪ್ಪಾದರೂ ಯಾರಿಗೂ ತೊಂದರೆ ಇಲ್ಲ.

3. 'ಸಂಪಾದಿಸಿ' ಒತ್ತಿ. ಯಾವ ಮಾತಿಗೆ ಆಧಾರ ಕೊಡಬೇಕೋ ಆ ವಾಕ್ಯದ ಪೂರ್ಣವಿರಾಮದ ಪಕ್ಕದಲ್ಲೇ ಕರ್ಸರ್ ಇಡಿ. ಪ್ಯಾರಾದ ಕೊನೆಯಲ್ಲಿ ಒಂದೇ ಉಲ್ಲೇಖ ಹಾಕಿದರೆ ಯಾವ ಮಾತಿಗೆ ಯಾವ ಆಧಾರ ಅಂತ ಗೊತ್ತಾಗಲ್ಲ.

4. ಉಲ್ಲೇಖದ ಗುಂಡಿ ಒತ್ತಿ, ಪುಸ್ತಕವೋ, ಸುದ್ದಿಯೋ, ವೆಬ್ ಪುಟವೋ ಆರಿಸಿ. ಲೇಖಕರು, ಶೀರ್ಷಿಕೆ, ಪ್ರಕಾಶಕರು, ವರ್ಷ, ಪುಟ ಸಂಖ್ಯೆ ತುಂಬಿ. ವೆಬ್ ಪುಟ ಆದರೆ ಲಿಂಕ್ ಜೊತೆಗೆ ನೀವು ನೋಡಿದ ದಿನಾಂಕವೂ ಬೇಕು. ಬರೀ ಲಿಂಕ್ ಅಂಟಿಸಿ ಬಿಟ್ಟರೆ, ನಾಳೆ ಆ ವೆಬ್‌ಸೈಟ್ ಮುಚ್ಚಿದಾಗ ಏನೂ ಉಳಿಯಲ್ಲ.

5. ಕೋಡ್‌ನಲ್ಲೇ ಬರೆಯುವವರು 'ರೆಫ್' ಅನ್ನೋ ಗುರುತನ್ನು ತೆರೆದರೆ ಮುಚ್ಚಲೇಬೇಕು. ಮುಚ್ಚದಿದ್ದರೆ ಪುಟದಲ್ಲಿ ಕೆಂಪು ಅಕ್ಷರದ ದೋಷ ಸಂದೇಶ ಬರುತ್ತದೆ. ಹೊಸಬರು ಹೆಚ್ಚಾಗಿ ಎಡವೋದು ಇಲ್ಲೇ.

6. ಏನು ಮಾಡಿದಿರಿ ಅಂತ ಒಂದು ಸಾಲಿನ ಸಾರಾಂಶ ಬರೆದು ಉಳಿಸಿ. ಉದಾಹರಣೆಗೆ 'ಜನಸಂಖ್ಯೆಗೆ 2011ರ ಜನಗಣತಿ ಉಲ್ಲೇಖ ಸೇರಿಸಿದೆ'.

ಯಾರಾದರೂ ನಿಮ್ಮ ಸಾಲು ತೆಗೆದರೆ ಮತ್ತೆ ಮತ್ತೆ ಹಾಕಿ ಜಗಳಕ್ಕೆ ನಿಲ್ಲಬೇಡಿ. 'ಇತಿಹಾಸ' ಒತ್ತಿದರೆ ಯಾವ ಖಾತೆಯಿಂದ, ಯಾವಾಗ, ಏನು ಬದಲಾಯಿತು ಅನ್ನೋದೆಲ್ಲಾ ಕಾಣುತ್ತದೆ. ಚರ್ಚೆ ಪುಟಕ್ಕೆ ಹೋಗಿ ಕಾರಣ ಕೇಳಿ.

ಸುಳ್ಳು ಸುತ್ತಿ ಬಂದು ಸತ್ಯ ಆಗೋದು

ಉಲ್ಲೇಖ ಇದ್ದ ಮಾತ್ರಕ್ಕೆ ಎಲ್ಲಾ ನಿಜ ಅಲ್ಲ. 2008ರಲ್ಲಿ ಅಮೆರಿಕದ ಒಬ್ಬ ಹುಡುಗ ಕೊವಾಟಿ ಅನ್ನೋ ಪ್ರಾಣಿಯ ಪುಟದಲ್ಲಿ ಅದಕ್ಕೆ 'ಬ್ರೆಜಿಲಿಯನ್ ಆರ್ಡ್‌ವಾರ್ಕ್' ಅನ್ನೋ ಹೆಸರೂ ಇದೆ ಅಂತ ತಮಾಷೆಗೆ ಸೇರಿಸಿದ. ಬ್ರಿಟನ್ನಿನ ಪತ್ರಿಕೆಗಳು ಅದನ್ನೇ ನೋಡಿ ಬರೆದವು. ಆಮೇಲೆ ಆ ಪತ್ರಿಕೆಯ ಸುದ್ದಿಯೇ ವಿಕಿಪೀಡಿಯದಲ್ಲಿ ಆಧಾರ ಆಗಿ ಕೂತಿತು! ವಿಷಯ ಬಯಲಾಗಿದ್ದು 2014ರಲ್ಲಿ.

ಊರಿನ ಪುಟಕ್ಕೂ ಇದೇ ಅಪಾಯ ಇದೆ. ವಿಕಿಪೀಡಿಯ ನೋಡಿ ಬರೆದ ಸುದ್ದಿಯನ್ನು ವಿಕಿಪೀಡಿಯಕ್ಕೇ ಆಧಾರ ಕೊಡಬಾರದು. ಸುದ್ದಿಯಲ್ಲಿ ಶಾಸನ, ಕಡತ, ಪುಸ್ತಕದ ಹೆಸರಿದೆಯಾ ಅಂತ ನೋಡಿ, ಮೂಲಕ್ಕೇ ಹೋಗಿ.

ಅಂಗಡಿಯವರು ಗಮನಿಸಿ

ಸ್ವಂತ ಅಂಗಡಿ, ಹೋಟೆಲ್, ಶೋರೂಂ ಬಗ್ಗೆ ತಾವೇ ಬರೆದುಕೊಳ್ಳುವುದನ್ನು ವಿಕಿಪೀಡಿಯ ಒಪ್ಪುವುದಿಲ್ಲ. ಅಂಗಡಿಯ ವಿಳಾಸ, ಟೈಮಿಂಗ್ ಹಾಕೋಕೆ ಗೂಗಲ್ ಮ್ಯಾಪ್ ಇದೆ. 'ಇಷ್ಟು ದುಡ್ಡು ಕೊಡಿ, ನಿಮ್ಮ ಹೆಸರಲ್ಲಿ ವಿಕಿಪೀಡಿಯ ಪುಟ ಮಾಡಿಸ್ತೀವಿ' ಅಂತ ಯಾರಾದರೂ ಫೋನ್ ಮಾಡಿದರೆ ನಂಬಬೇಡಿ. 2015ರಲ್ಲಿ ಸಣ್ಣ ವ್ಯಾಪಾರಿಗಳಿಂದ, ಕಲಾವಿದರಿಂದ ಹೀಗೆ ದುಡ್ಡು ಕೀಳುತ್ತಿದ್ದ ಜಾಲವೊಂದರ 381 ಖಾತೆಗಳನ್ನು ಇಂಗ್ಲಿಷ್ ವಿಕಿಪೀಡಿಯ ಒಂದೇ ಸಲಕ್ಕೆ ಬಂದ್ ಮಾಡಿತು. ಅವು ಮಾಡಿದ್ದ ಪುಟಗಳೂ ಅಳಿಸಿಹೋದವು. ದುಡ್ಡೂ ಹೋಯಿತು, ಪುಟವೂ ಹೋಯಿತು.

ಅದರ ಬದಲು ಊರಿನ ಪುಟ ಸರಿ ಇದ್ದರೆ ಅಂಗಡಿಗೂ ಲಾಭವೇ. ದೇವಸ್ಥಾನ, ಕೋಟೆ, ಸಂತೆಯ ವಿವರ ಸರಿಯಾಗಿ ಇದ್ದರೆ ಹೊರಗಿನವರು ಸರಿಯಾದ ಜಾಗಕ್ಕೆ, ಸರಿಯಾದ ದಿನಕ್ಕೆ ಬರುತ್ತಾರೆ.

ಶುರು ಮಾಡೋರು ಇಡೀ ಪುಟ ಬರೆಯಬೇಕಿಲ್ಲ. ತಾಲೂಕು ಗ್ರಂಥಾಲಯದಲ್ಲಿ ಗ್ಯಾಸೆಟಿಯರ್ ಇದೆಯಾ ಕೇಳಿ. ನಿಮ್ಮೂರಿನ ಪುಟದಲ್ಲಿ ಆಧಾರ ಇಲ್ಲದ ಒಂದು ಸಾಲು ಹುಡುಕಿ, ಅದಕ್ಕೆ ಪುಟ ಸಂಖ್ಯೆ ಸಮೇತ ಒಂದು ಉಲ್ಲೇಖ ಹಾಕಿ. ಮೊದಲ ದಿನಕ್ಕೆ ಅಷ್ಟು ಸಾಕು.