ಗಾಳಿಯಿಂದ ಇಂಗಾಲವನ್ನು ತೆಗೆಯುವ ಕೈಗಾರಿಕೆ

ತಿಳಿಯಾದ ಸುಣ್ಣದ ನೀರಿನೊಳಕ್ಕೆ ಕೊಳವೆಯ ಮೂಲಕ ಉಸಿರನ್ನು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುವುದನ್ನು ವಿದ್ಯಾರ್ಥಿಗಳು ಕಂಡಿರಬಹುದು. ಉಸಿರಿನಲ್ಲಿರುವ ಇಂಗಾಲಾಮ್ಲವಾಯು, ಎಂದರೆ ಇಂದಿನ ಪಠ್ಯಪುಸ್ತಕಗಳು ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ವಸ್ತು, ಸುಣ್ಣದೊಡನೆ ಸಂಯೋಗಹೊಂದಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವುದೇ ಇದಕ್ಕೆ ಕಾರಣ. ಹೊಸದಾಗಿ ಸುಣ್ಣ ಬಳಿದ ಗೋಡೆಯಲ್ಲಿಯೂ ಇದೇ ಕ್ರಿಯೆ ನಿಧಾನವಾಗಿ ನಡೆಯುತ್ತದೆ. ಗೋಡೆಯು ಗಾಳಿಯಲ್ಲಿನ ವಾಯುವನ್ನು ಹೀರಿ ಕಲ್ಲಿನಂತಹ ಬಿಳಿಯ ಪದರವನ್ನು ತಾಳುತ್ತದೆ. ಹಾಗಾದರೆ ಮನೆಗೆ ಸುಣ್ಣ ಬಳಿಯುವವನು ವಾಯುಮಂಡಲದ ಇಂಗಾಲವನ್ನು ಕಡಿಮೆ ಮಾಡುತ್ತಿರುವನೆಂದು ಹೇಳಬಹುದೆ?

ಹೇಳಲಾಗದು. ಆ ಸುಣ್ಣವು ಗೂಡಿನಿಂದ ಬಂದುದಲ್ಲವೆ? 100 ಕಿಲೋಗ್ರಾಂ ಶುದ್ಧವಾದ ಸುಣ್ಣಕಲ್ಲನ್ನು ಸುಟ್ಟಾಗ 56 ಕಿಲೋಗ್ರಾಂ ಸುಟ್ಟ ಸುಣ್ಣ ಉಳಿದು, 44 ಕಿಲೋಗ್ರಾಂ ಇಂಗಾಲಾಮ್ಲವಾಯು ಗಾಳಿಯನ್ನು ಸೇರುತ್ತದೆ. ಗೋಡೆಯು ಎಷ್ಟೇ ಹೀರಿಕೊಂಡರೂ ಮರಳಿ ಪಡೆಯುವುದು ಆ 44 ಕಿಲೋಗ್ರಾಂ ಮಾತ್ರ. ಗೂಡಿನಲ್ಲಿ ಉರಿದ ಕಲ್ಲಿದ್ದಲಿನ ಹೊಗೆ ನಷ್ಟದ ಬಾಬಿನಲ್ಲಿಯೇ ನಿಲ್ಲುತ್ತದೆ. ಈ ಚಿಕ್ಕ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡರೆ ‘ಇಂಗಾಲ ನಿವಾರಣೆ’ ಎಂಬ ಹೊಸ ಕೈಗಾರಿಕೆಯ ಮುಖ್ಯವಾದ ತೊಡಕು ತಿಳಿದಂತೆಯೇ ಸರಿ.

ಯಂತ್ರಯುಗಕ್ಕೆ ಮುಂಚೆ ವಾಯುಮಂಡಲದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗ ಇಂಗಾಲಾಮ್ಲವಾಯು ಇದ್ದಿತು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಕ್ರಮವಾದ ಅಳತೆಯನ್ನು ಆರಂಭಿಸಿದಾಗ ಅದು 315ರ ಆಸುಪಾಸಿನಲ್ಲಿತ್ತು. 2024ರಲ್ಲಿ 420ನ್ನು ದಾಟಿತ್ತು. ಇನ್ನು ಮುಂದೆ ಹೊಗೆಯನ್ನು ಎಷ್ಟೇ ತಗ್ಗಿಸಿದರೂ ಬೇಸಾಯ, ವಿಮಾನಯಾನ, ಸಿಮೆಂಟು ಮೊದಲಾದುವುಗಳಿಂದ ಸ್ವಲ್ಪ ಉಳಿದೇ ಉಳಿಯುವುದೆಂದೂ, ಅದನ್ನು ಸರಿದೂಗಿಸಲು ಗಾಳಿಯಿಂದ ತೆಗೆಯುವ ಕೆಲಸ ಅನಿವಾರ್ಯವೆಂದೂ ಹವಾಮಾನ ಬದಲಾವಣೆಯನ್ನು ಕುರಿತ ಅಂತರಸರ್ಕಾರಿ ಮಂಡಲಿಯು 2022ರ ವರದಿಯಲ್ಲಿ ತಿಳಿಸಿತು.

ಆ ಮಂಡಲಿಯೇ ಕೊಟ್ಟ ಲಕ್ಷಣದ ತಿರುಳು ಇಷ್ಟು: ಮನುಷ್ಯನು ಉದ್ದೇಶಪೂರ್ವಕವಾಗಿ ವಾಯುಮಂಡಲದಿಂದ ಇಂಗಾಲಾಮ್ಲವಾಯುವನ್ನು ತೆಗೆದು, ಅದನ್ನು ನೆಲದಲ್ಲಿಯೋ, ಭೂಗರ್ಭದಲ್ಲಿಯೋ, ಸಾಗರದಲ್ಲಿಯೋ, ವಸ್ತುಗಳಲ್ಲಿಯೋ ದೀರ್ಘಕಾಲ ಉಳಿಯುವಂತೆ ಇರಿಸಬೇಕು. ಇಲ್ಲಿ ಪ್ರತಿಯೊಂದು ಮಾತಿಗೂ ತೂಕವುಂಟು. ಕಲ್ಲಿದ್ದಲಿನ ವಿದ್ಯುದಾಗಾರದ ಚಿಮಣಿಯಲ್ಲಿಯೇ ಹೊಗೆಯನ್ನು ಹಿಡಿದು ಹೂಳುವುದು ಒಳ್ಳೆಯ ಕೆಲಸವೇ. ಆದರೆ ಅದು ನಿವಾರಣೆಯಲ್ಲ. ಹೊಸ ಸಾಲ ಮಾಡದಿರುವುದು ಬೇರೆ, ಮಾಡಿದ ಸಾಲವನ್ನು ತೀರಿಸುವುದು ಬೇರೆ. ಇನ್ನು ಗಾಳಿಯಿಂದ ತೆಗೆದ ವಾಯುವನ್ನು ಸೋಡಾ ಶೀಸೆಗೆ ತುಂಬಿದರೆ, ಮುಚ್ಚಳ ತೆಗೆದ ಕ್ಷಣದಲ್ಲಿ ಅದು ಬಂದಲ್ಲಿಗೇ ಹೊರಟುಹೋಗುತ್ತದೆ. ಮರಗಳ ವಿಷಯದಲ್ಲಿ ತೀರ್ಪು ಅಷ್ಟು ಸುಲಭವಲ್ಲ. ಅವು ನಿಜವಾಗಿಯೂ ಗಾಳಿಯಿಂದಲೇ ಇಂಗಾಲವನ್ನು ಪಡೆಯುತ್ತವೆ. ಆದರೆ ನೂರು ವರ್ಷ ಬೆಳೆದ ಕಾಡನ್ನು ಒಂದು ಬೇಸಗೆಯ ಕಾಳ್ಗಿಚ್ಚು ಹೊಗೆಯಾಗಿಸಬಲ್ಲುದು.

ಶಾಶ್ವತತೆಗೆ ಉತ್ತಮ ಉದಾಹರಣೆ ಐಸ್‌ಲೆಂಡಿನಲ್ಲಿದೆ. ಅಲ್ಲಿನ ಹೆಲ್ಲಿಶೈದಿ ಎಂಬಲ್ಲಿ ಕ್ಲೈಮ್‌ವರ್ಕ್ಸ್ ಸಂಸ್ಥೆಯು 2021ರಲ್ಲಿ ‘ಓರ್ಕಾ’ ಎಂಬ ಸ್ಥಾವರವನ್ನು ತೆರೆಯಿತು. ದೊಡ್ಡ ಪಂಖಗಳು ಗಾಳಿಯನ್ನು ಸೆಳೆದು ಶೋಧಕಗಳ ಮೂಲಕ ಹಾಯಿಸುತ್ತವೆ. ಶೋಧಕಕ್ಕೆ ಅಂಟಿದ ಇಂಗಾಲಾಮ್ಲವಾಯುವನ್ನು ಸುಮಾರು 100 ಡಿಗ್ರಿಯವರೆಗೆ ಕಾಯಿಸಿ ಬಿಡಿಸುತ್ತಾರೆ. ಬಳಿಕ ಕಾರ್ಬ್‌ಫಿಕ್ಸ್ ಎಂಬ ಇನ್ನೊಂದು ಸಂಸ್ಥೆ ಅದನ್ನು ನೀರಿನಲ್ಲಿ ಕರಗಿಸಿ ಆಳದ ಬಸಾಲ್ಟ್ ಶಿಲೆಯೊಳಕ್ಕೆ ಇಳಿಸುತ್ತದೆ. ಶಿಲೆಯ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಅದರೊಡನೆ ಕೂಡಿ ಕಾರ್ಬೊನೇಟ್ ಕಲ್ಲಾಗುತ್ತವೆ. ಇದಕ್ಕೆ ಶತಮಾನಗಳೇ ಬೇಕೆಂದು ಮೊದಲು ಭಾವಿಸಿದ್ದರು. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶೇಕಡ 95ಕ್ಕೂ ಹೆಚ್ಚು ಭಾಗ ಎರಡು ವರ್ಷಗಳೊಳಗೇ ಕಲ್ಲಾಗಿದ್ದಿತು. ಇಲ್ಲಿಯೂ ಸುಣ್ಣದ ಗೂಡಿನ ಲೆಕ್ಕವನ್ನು ಮರೆಯುವಂತಿಲ್ಲ. ಪಂಖಕ್ಕೂ ಶಾಖಕ್ಕೂ ಬೇಕಾದ ಶಕ್ತಿಯನ್ನು ಭೂಮಿಯ ಬಿಸಿಯಿಂದ ಪಡೆಯುವುದರಿಂದಲೇ ಈ ವ್ಯವಹಾರ ಲಾಭದಲ್ಲಿದೆ. ಕಲ್ಲಿದ್ದಲಿನ ವಿದ್ಯುತ್ತನ್ನು ಬಳಸಿದರೆ ಲಾಭದ ಬಹುಭಾಗ ಅಳಿಸಿಹೋದೀತು.

ಕೆಲಸ ಕಷ್ಟವಾದುದೇಕೆ? ಒಂದು ಟನ್ ಇಂಗಾಲಾಮ್ಲವಾಯು ಸುಮಾರು 13 ಲಕ್ಷ ಘನ ಮೀಟರ್ ಗಾಳಿಯಲ್ಲಿ ಹರಡಿಕೊಂಡಿರುತ್ತದೆ. ಅಷ್ಟು ಗಾಳಿಯನ್ನು ಜಾಲಿಸಿ ಒಂದು ಟನ್ ಗಳಿಸಲು ಇಂದಿಗೂ ನೂರಾರು ಡಾಲರುಗಳ ವೆಚ್ಚ ತಗಲುತ್ತದೆ. ಓರ್ಕಾದ ಸಾಮರ್ಥ್ಯ ವರ್ಷಕ್ಕೆ 4,000 ಟನ್ ಎಂದು ಸಾರಿದ್ದರು. ಮೊದಲ ವರ್ಷಗಳಲ್ಲಿ ಅದು ಆ ಗುರಿಯನ್ನು ಮುಟ್ಟಲಿಲ್ಲ. ಮುಟ್ಟಿದ್ದರೂ ಅದು ಜಗತ್ತು ನಾಲ್ಕು ಸೆಕೆಂಡುಗಳಲ್ಲಿ ಉಗುಳುವ ಹೊಗೆಗಿಂತ ಕಡಿಮೆಯೇ.

ಬಸಾಲ್ಟ್ ಎಂದೊಡನೆ ನಮ್ಮ ವಾಚಕರಿಗೆ ವಿಜಯಪುರ, ಬೀದರಗಳ ಕಪ್ಪು ನೆಲ ನೆನಪಾಗುವುದು ಸಹಜ. ದಖ್ಖನಿನ ಆ ಲಾವಾ ಶಿಲೆಯೂ ಇದೇ ಜಾತಿಯದು. ಬಸಾಲ್ಟನ್ನು ನುಣ್ಣಗೆ ಪುಡಿಮಾಡಿ ಹೊಲಕ್ಕೆ ಹರಡಿದರೆ, ಇಂಗಾಲಾಮ್ಲವಾಯು ಕರಗಿದ ಮಳೆಯ ನೀರು ಆ ಪುಡಿಯನ್ನು ಸವೆಸುತ್ತದೆ. ಇಂಗಾಲವು ಬೈಕಾರ್ಬೊನೇಟಾಗಿ ಹೊಳೆಯ ದಾರಿ ಹಿಡಿದು ಕಡಲನ್ನು ಸೇರುತ್ತದೆ. ಭಾರತದ ಸಣ್ಣ ರೈತರ ಗದ್ದೆಗಳಲ್ಲಿ ಈ ಕ್ರಮವನ್ನು ನಡೆಸಿದ ಮಾಟಿ ಕಾರ್ಬನ್ ಸಂಸ್ಥೆಗೆ 2025ರಲ್ಲಿ ಎಕ್ಸ್‌ಪ್ರೈಜ್ ಸ್ಪರ್ಧೆಯ 5 ಕೋಟಿ ಡಾಲರುಗಳ ಪ್ರಥಮ ಬಹುಮಾನ ಬಂದಿತು. ಪಂಖವೂ ಬೇಡ, ಶೋಧಕವೂ ಬೇಡ. ಆದರೆ ಕೊಳವೆಯಲ್ಲಿ ಹರಿಯುವ ವಾಯುವನ್ನು ಅಳೆದಂತೆ ಹೊಲದಲ್ಲಿ ಅಳೆಯಲಾಗದು. ಮಣ್ಣಿನ ಮಾದರಿಗಳನ್ನು ಮೊದಲೂ ಆಮೇಲೂ ಪರೀಕ್ಷಿಸಿ, ಪುಡಿಯಿಂದ ಎಷ್ಟು ಕ್ಯಾಲ್ಸಿಯಂ ಕರಗಿತೆಂದು ಊಹಿಸಬೇಕು. ಕಲ್ಲನ್ನು ಅರೆದ, ಸಾಗಿಸಿದ ಲಾರಿಯ ಡೀಸೆಲನ್ನೂ ಕಳೆಯಬೇಕು.

ಅಳತೆಗೆ ಇಷ್ಟು ಮಹತ್ವವೇಕೆಂದರೆ, ಈ ಕೈಗಾರಿಕೆಯ ಸರಕನ್ನು ಕೊಂಡವನು ಕಣ್ಣಿನಿಂದ ಕಾಣಲಾರ. ಅಕ್ಕಿಯಲ್ಲಿ ಕಲ್ಲಿದ್ದರೆ ಗಿರಾಕಿ ಮರುದಿನವೇ ಅಂಗಡಿಗೆ ಬರುವನು. ತೆಗೆಯದ ಇಂಗಾಲವನ್ನು ಮಾರಿದರೆ ಯಾರು ಬರುವರು? ಲಕ್ಷಣವು ಸಡಿಲವಾದರೆ ಅಗ್ಗದ ಸುಳ್ಳು ಟನ್ನು ದುಬಾರಿಯಾದ ನಿಜ ಟನ್ನನ್ನು ಪೇಟೆಯಿಂದ ಓಡಿಸುತ್ತದೆ. ಐರೋಪ್ಯ ಒಕ್ಕೂಟವು 2024ರಲ್ಲಿ ನಿವಾರಣೆಯನ್ನು ಪ್ರಮಾಣೀಕರಿಸುವ ನಿಯಮವನ್ನು ಮಾಡಿದುದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆಯೆಂದೇ ನನ್ನ ಅಭಿಪ್ರಾಯ.

ಹಣದ ಮಾತು ಬೇರೆಯೇ ಇದೆ. ಊರಿನ ಕಸವನ್ನು ಸಾಗಿಸುವುದರಿಂದ ಎಲ್ಲರಿಗೂ ಹಿತ. ಆದರೂ ಪುರಸಭೆ ಕಂದಾಯ ಹಾಕದಿದ್ದರೆ ಸ್ವಂತ ಕೈಯಿಂದ ಕೊಡುವವರು ವಿರಳ. ಅಮೆರಿಕದ 2022ರ ಕಾನೂನು ನೇರವಾಗಿ ಗಾಳಿಯಿಂದ ಹಿಡಿದು ಹೂಳಿದ ಪ್ರತಿ ಟನ್ನಿಗೆ 180 ಡಾಲರುಗಳವರೆಗೆ ತೆರಿಗೆ ರಿಯಾಯಿತಿ ಕೊಟ್ಟಿತು. ಅದೇ ವರ್ಷ ಸ್ಟ್ರೈಪ್, ಆಲ್ಫಾಬೆಟ್ ಮೊದಲಾದ ಕಂಪೆನಿಗಳು ‘ಫ್ರಾಂಟಿಯರ್’ ಎಂಬ ಕೂಟವನ್ನು ಕಟ್ಟಿ, 2030ರೊಳಗೆ 92.5 ಕೋಟಿ ಡಾಲರುಗಳ ನಿವಾರಣೆಯನ್ನು ಕೊಳ್ಳುವೆವೆಂದು ಮುಂಗಡವಾಗಿ ಮಾತುಕೊಟ್ಟವು. ಬಡ ದೇಶಗಳ ಮಕ್ಕಳಿಗೆ ನ್ಯುಮೊಕಾಕಸ್ ಲಸಿಕೆಯನ್ನು ಒದಗಿಸಲು ಹಿಂದೆ ಅನುಸರಿಸಿದ ಉಪಾಯವೇ ಇದು: ಕೊಳ್ಳುವವರು ಇದ್ದಾರೆಂಬ ಭರವಸೆ ಸಿಕ್ಕರೆ ತಯಾರಕನು ಕಾರ್ಖಾನೆ ಕಟ್ಟಲು ಧೈರ್ಯ ಮಾಡುವನು. ಫ್ರಾಂಟಿಯರಿನ ದೊಡ್ಡ ಒಪ್ಪಂದಗಳಲ್ಲಿ ಹಣ ಸಂದಾಯವಾಗುವುದು ಟನ್ನು ಒಪ್ಪಿಸಿದ ಮೇಲೆ.