ಒಂದೂವರೆ ಗಂಟೆಯ ಮುಂಬಯಿ

ಮೂಡುಬಿದಿರೆಯ ಸಮೀಪದ ಪುತ್ತಿಗೆಯಲ್ಲಿ “ಮುಂಬಯಿ ಎಷ್ಟು ದೂರ?” ಎಂದು ಕೇಳಿ ನೋಡಿ. ಹಿರಿಯರು ದಿನಗಳ ಲೆಕ್ಕ ಹೇಳುತ್ತಾರೆ. ನಡುವಯಸ್ಸಿನವರು ರಾತ್ರಿ ಬಸ್ಸಿನ ಲೆಕ್ಕ ಹೇಳುತ್ತಾರೆ. ತರುಣರು “ಒಂದೂವರೆ ಗಂಟೆ” ಎಂದುಬಿಡುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುವವರಲ್ಲ.

ಹೋಟೆಲಿನಲ್ಲಿ ಹಗಲು ದುಡಿದು, ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದ ನಮ್ಮ ಜಿಲ್ಲೆಯ ಹುಡುಗರ ಪಾಲಿಗೆ ಮುಂಬಯಿ ಬಹಳ ದೂರದ ಊರಾಗಿತ್ತು. ಕೊಂಕಣ ರೈಲುಮಾರ್ಗ ಆಗುವ ಮೊದಲು ಮಂಗಳೂರಿನಿಂದ ಮುಂಬಯಿಗೆ ರೈಲಿನ ದಾರಿ 2041 ಕಿಲೋಮೀಟರು. ಪ್ರಯಾಣ ಸುಮಾರು 41 ಗಂಟೆ. 1998ರಲ್ಲಿ ಆ ಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ದಾರಿ 914 ಕಿಲೋಮೀಟರಿಗೆ ಇಳಿಯಿತು.

ಆಕಾಶದ ದಾರಿ ಇನ್ನೂ ಚಿಕ್ಕದು. ಬಜಪೆಯಿಂದ ಮುಂಬಯಿಗೆ ನೇರ ಗೆರೆ ಎಳೆದರೆ ಸುಮಾರು 710 ಕಿಲೋಮೀಟರು. 1951ರ ಡಿಸೆಂಬರ್ 25ರಂದು ಪಂಡಿತ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಬಜಪೆಯ ನಿಲ್ದಾಣವನ್ನು ಉದ್ಘಾಟಿಸಿದರು. ಈಗಿನ ಜೆಟ್ ವಿಮಾನವು ಎತ್ತರದಲ್ಲಿ ಗಂಟೆಗೆ 800 ಕಿಲೋಮೀಟರು ಮೀರಿ ಸಾಗುತ್ತದೆ. ಹಾಗಾದರೆ ಒಂದು ಗಂಟೆಯೊಳಗೇ ತಲುಪಬೇಡವೇ? ಇಲ್ಲ. ಓಡುದಾರಿಗೆ ಹೋಗುವುದು, ಮೇಲೇರುವುದು, ಮುಂಬಯಿಯ ದಟ್ಟಣೆಯಲ್ಲಿ ಸರದಿಗಾಗಿ ಸುತ್ತುವುದು, ಇಳಿಯುವುದು, ಇವೆಲ್ಲ ಸೇರಿಯೇ ಆ ಒಂದೂವರೆ ಗಂಟೆ.

ಆದರೆ ಮನುಷ್ಯನು ನಿಲ್ದಾಣದಲ್ಲಿ ವಾಸಿಸುವುದಿಲ್ಲ. ಮುಂಬಯಿಯ ಮನೆಯಿಂದ ನಿಲ್ದಾಣಕ್ಕೆ ಒಂದೆರಡು ಗಂಟೆ. ಅಲ್ಲಿ ತಪಾಸಣೆಗೆಂದು ಎರಡು ಗಂಟೆ ಮುಂಚೆ. ಇಳಿದ ಮೇಲೆ ಸಾಮಾನಿಗಾಗಿ ಕಾಯುವುದು. ಆಮೇಲೆ ಬಜಪೆಯಿಂದ ಕೈಕಂಬ, ಗಂಜಿಮಠ, ಎಡಪದವು ದಾಟಿ ಮೂಡುಬಿದಿರೆ, ಅಲ್ಲಿಂದ ಪುತ್ತಿಗೆ. ಮನೆಯ ಹೊಸ್ತಿಲಿನಿಂದ ಹೊಸ್ತಿಲಿಗೆ ಆರು-ಏಳು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ.

ಮಳೆಗಾಲದಲ್ಲಿ ಈ ಲೆಕ್ಕವೂ ನಿಲ್ಲುವುದಿಲ್ಲ. ಬಜಪೆಯ ಓಡುದಾರಿ ಗುಡ್ಡದ ನೆತ್ತಿಯ ಮೇಲಿದೆ. 2010ರ ಮೇ 22ರಂದು ಅಲ್ಲಿ 158 ಜನ ಪ್ರಾಣ ಕಳೆದುಕೊಂಡುದನ್ನು ನಾವಾರೂ ಮರೆತಿಲ್ಲ. ಮೋಡ ಕವಿದು ನೆಲ ಕಾಣದಿದ್ದರೆ ಚಾಲಕನು ವಿಮಾನವನ್ನು ಬೆಂಗಳೂರಿಗೋ ಕೊಚ್ಚಿಗೋ ತಿರುಗಿಸುತ್ತಾನೆ; ತಿರುಗಿಸಬೇಕಾದ್ದೇ. ಬೆಂಗಳೂರಿಗೆ ಹೋಗಿ ಇಳಿದವನಿಗೆ ಮತ್ತೆ ಸುಮಾರು 350 ಕಿಲೋಮೀಟರಿನ ರಸ್ತೆ. ಶಿರಾಡಿಯಲ್ಲಿ ಗುಡ್ಡ ಕುಸಿದಿದ್ದರೆ ಅದೂ ಇಲ್ಲ.

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ಮಾತು ಕೇಳುತ್ತೇವೆ. “ಒಂದೂವರೆ ಗಂಟೆಯ ದಾರಿಯಲ್ಲವೇ ಅಮ್ಮ, ಯಾವಾಗ ಬೇಕಾದರೂ ಬರಬಹುದು” ಎನ್ನುತ್ತಾನೆ ಮಗ. ನವರಾತ್ರಿಗೆ ಬರುವವನು ದೀಪಾವಳಿಗೆ ಎನ್ನುತ್ತಾನೆ. ದೀಪಾವಳಿ ಹೋಗಿ ಊರ ಜಾತ್ರೆಗೆ ಎನ್ನುತ್ತಾನೆ. ಎರಡು ದಿನದ ದಾರಿಯಾಗಿದ್ದಾಗ ಅವನ ತಂದೆ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದರು. ಕಡೆಗೊಂದು ರಾತ್ರಿ ಊರಿನಿಂದ ಫೋನು ಬರುತ್ತದೆ. ಆ ಹೊತ್ತಿಗೆ ವಿಮಾನವಿಲ್ಲ, ಬೆಳಗಿನದರಲ್ಲಿ ಸ್ಥಳವಿಲ್ಲ. ಅಂಗಳದಲ್ಲಿ ನೆರೆಕರೆಯವರು ಗಡಿಯಾರ ನೋಡುತ್ತ, “ಮಗ ಎಲ್ಲಿಗೆ ಮುಟ್ಟಿದನಂತೆ?” ಎಂದು ಕೇಳುತ್ತಾರೆ.

ವಿಮಾನವು ದಾರಿಯನ್ನು ಹತ್ತಿರ ಮಾಡಿದ್ದು ನಿಜ. ಬರಬೇಕೆಂಬ ನಿರ್ಧಾರವನ್ನು ಮಾತ್ರ ಅದು ನಮ್ಮ ಪರವಾಗಿ ಮಾಡಲಾರದು. ದಾರಿ ಒಂದೂವರೆ ಗಂಟೆಯದೆಂದು ನೆಚ್ಚಿ ಕೂರದೆ, ಮಳೆ ಹಿಡಿಯುವ ಮೊದಲೊಮ್ಮೆ ಊರಿಗೆ ಬಂದು ಹೋಗುವುದು ಲೇಸು.