ನಾಟಾ ವ್ಯಾಪಾರದಲ್ಲಿ ಘನ ಅಡಿ: ಒಂದೇ ಹೆಸರು, ಎರಡು ಅಳತೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ಕಾಫಿ ತೋಟಗಳಲ್ಲಿ ನೆರಳಿಗಾಗಿಯೂ ಮೆಣಸಿನ ಬಳ್ಳಿಯ ಆಸರೆಗಾಗಿಯೂ ಬೆಳೆಸಿದ ಸಿಲ್ವರ್ ಓಕ್ ಮರವು ಈಗ ಗಣನೀಯ ವ್ಯಾಪಾರದ ಸರಕಾಗಿದೆ. ಆಸ್ಟ್ರೇಲಿಯಾ ಮೂಲದ ಈ ಮರಕ್ಕೂ ನಿಜವಾದ ಓಕ್ ಜಾತಿಗೂ ಹೆಸರಿನ ಹೊರತು ಯಾವ ಸಂಬಂಧವೂ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ವಿನಾಯಿತಿ ಪಟ್ಟಿಯಲ್ಲಿ ಇದು ಸೇರಿರುವುದರಿಂದ ಬೀಟೆ, ತೇಗಗಳಿಗಿರುವ ಕಡಿತಲೆಯ ತೊಡಕು ಇದಕ್ಕಿಲ್ಲ. ತೊಡಕಿರುವುದು ಅಳತೆಯಲ್ಲಿ.

ತೋಟದಲ್ಲಿ ದಿಮ್ಮಿಯನ್ನು ಅಳೆಯುವ ರೂಢಿ ಹೀಗಿದೆ: ನಡುಭಾಗದ ಸುತ್ತಳತೆಯ ನಾಲ್ಕನೆಯ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸುವುದು. ಎಡ್ವರ್ಡ್ ಹಾಪಸ್ ಎಂಬ ಆಂಗ್ಲ ಸರ್ವೇಯರ್ 1736ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಂದ ಪ್ರಸಿದ್ಧವಾದ ಪದ್ಧತಿಯಿದು. 4 ಅಡಿ ಸುತ್ತಳತೆಯ, 12 ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 12 ಘನ ಅಡಿ. ಆದರೆ ಅದೇ ದಿಮ್ಮಿಯ ನಿಜವಾದ ಗಾತ್ರ 15.28 ಘನ ಅಡಿ. ಅಂದರೆ ಸುಮಾರು ಶೇ. 21.5ರಷ್ಟು ಮರ ಲೆಕ್ಕದಿಂದ ಹೊರಗುಳಿಯುತ್ತದೆ.

ಇದನ್ನು ಮೋಸವೆನ್ನಲಾಗದು. ಕೊಯ್ಯುವಾಗ ನಷ್ಟವಾಗುವ ಅಂಚು, ಹೊಟ್ಟುಗಳಿಗೆಂದು ಖರೀದಿದಾರನಿಗೆ ಬಿಟ್ಟ ರಿಯಾಯಿತಿಯಿದು. ದರವೂ ಅದಕ್ಕೆ ಹೊಂದಿಕೊಂಡೇ ನಿಗದಿಯಾಗುತ್ತದೆ. ಆದರೆ ಕೊಯ್ದ ಮರ ಮಿಲ್ಲಿನಿಂದ ಹೊರಡುವಾಗ ಉದ್ದ, ಅಗಲ, ದಪ್ಪಗಳ ನೇರ ಗುಣಾಕಾರದಿಂದ ನಿಜವಾದ ಘನ ಅಡಿಯಲ್ಲಿ ಮಾರಾಟವಾಗುತ್ತದೆ. ಎರಡನ್ನೂ ಒಂದೇ ಸ್ಟಾಕ್ ಪುಸ್ತಕದಲ್ಲಿ ಬರೆದಾಗ ಗೊಂದಲ ಹುಟ್ಟುತ್ತದೆ. ಸುತ್ತಳತೆ ಲೆಕ್ಕದ 100 ಘನ ಅಡಿ ದಿಮ್ಮಿಯಿಂದ 65 ಘನ ಅಡಿ ಸೈಜು ಮರ ಬಂದರೆ ಮಾಲೀಕರು ಶೇ. 65 ಇಳುವರಿಯೆಂದು ಸಂತೋಷಪಡುತ್ತಾರೆ. ವಾಸ್ತವವಾಗಿ ಕೊಯ್ದದ್ದು 127.3 ಘನ ಅಡಿ. ಇಳುವರಿ ಕೇವಲ ಶೇ. 51. ಗರಗಸ ಬದಲಿಸಬೇಕೇ ಬೇಡವೇ ಎಂಬ ನಿರ್ಧಾರವನ್ನು ಮೊದಲ ಅಂಕಿಯ ಮೇಲೆ ಕೈಗೊಂಡರೆ ನಷ್ಟ ಖಚಿತ.

ಇದಲ್ಲದೆ, 2009ರ ಕಾನೂನು ಮಾಪನ ಕಾಯಿದೆಯಂತೆ ದರಪತ್ರ ಮತ್ತು ಬಿಲ್ಲುಗಳಲ್ಲಿ ಮೆಟ್ರಿಕ್ ಮಾನವನ್ನೇ ಬಳಸಬೇಕು. ಜಿ.ಎಸ್.ಟಿ. ವಿವರಪಟ್ಟಿಯ ಪರಿಮಾಣ ಸಂಕೇತಗಳಲ್ಲಿಯೂ ಘನ ಮೀಟರಿಗೆ ಸ್ಥಾನವಿದೆಯೇ ಹೊರತು ಘನ ಅಡಿಗಿಲ್ಲ. ನಿಜವಾದ ಘನ ಅಡಿಯನ್ನು 35.31ರಿಂದ ಭಾಗಿಸಿದರೆ ಘನ ಮೀಟರ್ ದೊರೆಯುತ್ತದೆ. ಸುತ್ತಳತೆ ಲೆಕ್ಕದ್ದನ್ನಾದರೋ 27.74ರಿಂದ ಭಾಗಿಸಬೇಕು. ಮೇಲಿನ ದಿಮ್ಮಿಯನ್ನು 0.34 ಘನ ಮೀಟರ್ ಎಂದು ನಮೂದಿಸಿದರೆ ತಪ್ಪು, 0.43 ಸರಿ. ಈ ಒಂದು ಸಂಖ್ಯೆಯನ್ನು ಮಿಲ್ಲಿನ ಗುಮಾಸ್ತರ ಮೇಜಿನ ಮೇಲೆ ದೊಡ್ಡದಾಗಿ ಬರೆದಿಡುವುದು ಲೇಸು.

ಸೈಜು ಮರದ ಮಾತೇ ಬೇರೆ. ತೊಲೆ, ಜಂತೆಗಳನ್ನು ಘನ ಅಡಿಯಲ್ಲಿ ಕೊಳ್ಳುತ್ತೇವೆ. ಹೆಂಚಿನ ಮಾಡಿಗೆ ಬೇಕಾದ ರೀಪನ್ನು ರನ್ನಿಂಗ್ ಅಡಿಯಲ್ಲಿ. ನೆಲಕ್ಕೆ ಹಾಸುವ ಹಲಗೆಯನ್ನು ಚದರಡಿಯಲ್ಲಿ. ಮಲೆನಾಡಿನ ಹಳೆಯ ಮನೆಗಳಲ್ಲಿ ಹಲಗೆಯ ಮುಚ್ಚಿಗೆ ಹೊಸದೇನಲ್ಲ. ಆದರೆ ಹೋಂ ಸ್ಟೇಗಳ ಕಾರಣದಿಂದ ಮರದ ನೆಲಹಾಸಿಗೆ ಬೇಡಿಕೆ ಬಂದ ಮೇಲೆ ಚದರಡಿಯ ದರದಲ್ಲಿ ದಪ್ಪವೇ ಮರೆಯಾಗುತ್ತಿದೆ. 1 ಅಂಗುಲದ ಹಲಗೆ 100 ಚದರಡಿಗೆ 8.33 ಘನ ಅಡಿ ಮರ ಬೇಕು. ಕೀಸುಳಿ ಹೊಡೆದು ಮುಕ್ಕಾಲು ಅಂಗುಲಕ್ಕೆ ಇಳಿದರೆ ಗ್ರಾಹಕನ ಮನೆ ಸೇರುವುದು 6.25 ಘನ ಅಡಿ ಮಾತ್ರ. ಹೇಳಿದ ದಪ್ಪ ಕೀಸುವ ಮೊದಲಿನದೋ ಅನಂತರದ್ದೋ ಎಂಬುದನ್ನು ದರಪತ್ರದಲ್ಲಿಯೇ ಬರೆಯತಕ್ಕದ್ದು. ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕೂರುವ ಹಲಗೆಗಳಲ್ಲಿ ಅಗಲಕ್ಕೂ ಇದೇ ಪ್ರಶ್ನೆ: ಒಳಗೆ ಸೇರುವ ನಾಲಿಗೆಯನ್ನು ಬಿಟ್ಟು, ಹಾಸಿದ ಮೇಲೆ ಕಾಣುವ ಅಗಲವನ್ನಷ್ಟೇ ಎಣಿಸುವುದು ನ್ಯಾಯ.

ಒಣಗಿಸುವ ವಿಚಾರವನ್ನೂ ಲಿಖಿತವಾಗಿಡುವುದು ಕ್ಷೇಮ. ಮರವು ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಗಲಕ್ಕೆ ಕುಗ್ಗುವುದು ಹೆಚ್ಚು. ಮಳೆಗಾಲದಲ್ಲಿ ಹಸಿ ಹಲಗೆ ಹಾಸಿದರೆ ಮಾರ್ಚಿಯ ಹೊತ್ತಿಗೆ ಸಂದು ಬಿಡುತ್ತದೆ, ಹಣದ ಕೊನೆಯ ಕಂತು ಅಲ್ಲಿಯೇ ನಿಲ್ಲುತ್ತದೆ.

ಬಿಲ್ಲು ಬರೆಯುವಾಗ ಶೀರ್ಷಿಕೆಯ ಸಂಖ್ಯೆಯನ್ನು ಗಮನಿಸಬೇಕು. ದುಂಡು ದಿಮ್ಮಿಗೆ 4403, 6 ಮಿಲಿಮೀಟರಿಗಿಂತ ದಪ್ಪವಾಗಿ ಕೊಯ್ದ ಮರಕ್ಕೆ 4407, ಅಂಚಿಗೆ ನಾಲಿಗೆ-ಗಾಡಿ ತೆಗೆದ ನೆಲಹಾಸಿನ ಹಲಗೆಗೆ 4409, ಬಾಗಿಲು-ಕಿಟಕಿಗಳಿಗೆ 4418. ಎಲ್ಲವನ್ನೂ ‘ಮರ’ ಎಂದು ಒಂದೇ ಸಾಲಿನಲ್ಲಿ ಬರೆದ ಬಿಲ್ಲುಗಳನ್ನು ಲೆಕ್ಕ ತಪಾಸಣೆಯಲ್ಲಿ ಈಗಲೂ ನೋಡುತ್ತಿದ್ದೇನೆ.